ಹಲ್ಲುನೋವು ಕೊರಳಿಗೆ ಇಳಿದಾಗ

ಕೆಲವು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ದವಾಖಾನೆಗೆ ಬರುವಷ್ಟರಲ್ಲಿ ಒಬ್ಬ ಮಹಿಳೆ ತಮ್ಮ ಪತಿಯನ್ನು ಕರೆದುಕೊಂಡು ಬಂದು ಕಾಯುತ್ತಿದ್ದರು. ಪತಿಗೆ ಸುಮಾರು ನಲವತ್ತು ವಯಸ್ಸು, ಗ್ಯಾರೇಜಿನಲ್ಲಿ ಕೆಲಸ. "ಹಕೀಮ್ ಸಾಬ್, ಒಂಬತ್ತು ದಿನದಿಂದ ಹಲ್ಲುನೋವು. ಮೆಡಿಕಲ್ ಶಾಪಿನ ಮಾತ್ರೆ ತಗೊಂಡ್ರೆ ಕಡಿಮೆ ಆಗ್ತದೆ, ಮತ್ತೆ ಬರ್ತದೆ. ನಿನ್ನೆಯಿಂದ ಗಂಟಲೂ ಊದಿದೆ. ಏನಾದ್ರೂ ಒಳ್ಳೆ ದವಾ ಕೊಡಿ" ಎಂದರು.

ಪತಿ ಏನೂ ಮಾತನಾಡಲಿಲ್ಲ. ಕೈಯಲ್ಲಿ ಟವೆಲ್ ಹಿಡಿದು, ಬಾಯಿಂದ ಸೋರುತ್ತಿದ್ದ ಜೊಲ್ಲು ಒರೆಸಿಕೊಳ್ಳುತ್ತ ಮುಂದಕ್ಕೆ ಬಾಗಿ ಕುಳಿತಿದ್ದರು. ಮೈ ಸುಡುತ್ತಿತ್ತು. ಗದ್ದದ ಕೆಳಗೆ ಎರಡೂ ಕಡೆ ಊತ. ಬೆರಳಿಟ್ಟು ಒತ್ತಿದರೆ ಹಲಗೆಯಂತೆ ಗಟ್ಟಿ. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನಾಲಿಗೆ ಮೇಲಕ್ಕೆ ಎದ್ದು ನಿಂತಿತ್ತು. ಹೆಸರು ಕೇಳಿದರೆ, ಬಿಸಿ ಅನ್ನ ಬಾಯಲ್ಲಿಟ್ಟುಕೊಂಡು ಮಾತನಾಡಿದಂತೆ ಅಸ್ಪಷ್ಟ ಧ್ವನಿ ಬಂತು.

ನಾನು ಯಾವ ಔಷಧವನ್ನೂ ಕೊಡಲಿಲ್ಲ. 108ಕ್ಕೆ ಕರೆ ಮಾಡಿಸಿ, ಕುಳಿತ ಭಂಗಿಯಲ್ಲೇ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಆ ರಾತ್ರಿಯೇ ಉಸಿರಾಟಕ್ಕೆ ಕೊಳವೆ ಹಾಕಿದರು, ಕುತ್ತಿಗೆಯಲ್ಲಿ ಗಾಯ ಮಾಡಿ ಕೀವು ತೆಗೆದರು, ಕೆಳದವಡೆಯ ಒಂದು ಹಲ್ಲು ಕಿತ್ತರು. ಆವರೆಗೂ ಅವರಿಗೇ ಗೊತ್ತಿರದಿದ್ದ ಸಕ್ಕರೆ ಕಾಯಿಲೆಯೂ ಅಲ್ಲೇ ಪತ್ತೆಯಾಯಿತು. ಅಲ್ಲಾಹನ ಕೃಪೆಯಿಂದ ಅವರು ಬದುಕಿ ಮನೆಗೆ ಬಂದರು. ಬೆಳಗ್ಗೆ ನೋಡೋಣ ಎಂದು ಮನೆಯಲ್ಲೇ ಮಲಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಹಲ್ಲುನೋವಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ನಾವು ನಗುತ್ತೇವೆ. ಹಲ್ಲುನೋವಿನಿಂದ ಸಾಯುವುದಿಲ್ಲ, ನಿಜ. ಆದರೆ ಹಲ್ಲಿನ ಬುಡದಲ್ಲಿ ಹುಟ್ಟಿದ ಕೀವು ಕೊರಳಿಗೋ ಎದೆಗೋ ಮೆದುಳಿಗೋ ಹರಡಿದರೆ ಸಾವು ಸಂಭವಿಸುತ್ತದೆ. ಅದನ್ನು ತಡೆಯುವುದು ಕಷ್ಟವಲ್ಲ. ಯಾವ ಹಂತದಲ್ಲಿ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು ಎಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು, ಅಷ್ಟೆ.

ಹಲ್ಲಿನೊಳಗೆ ಏನಾಗುತ್ತದೆ?

ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಜೀವವಿದೆ. ನಡುವೆ ಮೃದುವಾದ ತಿರುಳು, ಅದರಲ್ಲಿ ನರ ಮತ್ತು ರಕ್ತನಾಳ. ಸಿಹಿ ಮತ್ತು ಹಿಟ್ಟಿನ ಪದಾರ್ಥಗಳು ಹಲ್ಲಿನ ಮೇಲೆ ಅಂಟಿಕೊಂಡಾಗ ಬಾಯಿಯ ಸೂಕ್ಷ್ಮಾಣುಗಳು ಅದನ್ನು ಆಮ್ಲವಾಗಿಸುತ್ತವೆ. ಆಮ್ಲ ಹಲ್ಲನ್ನು ಕೊರೆಯುತ್ತದೆ. ಇದೇ ಹುಳುಕು. ಹುಳುಕು ತಿರುಳನ್ನು ಮುಟ್ಟಿದಾಗ ತಣ್ಣೀರು ತಾಗಿದರೂ ಜೀವ ಹೋಗುವಂಥ ನೋವು ಬರುತ್ತದೆ.

ಇಲ್ಲಿ ಒಂದು ಮೋಸ ನಡೆಯುತ್ತದೆ. ಕೆಲವು ದಿನ ಅಥವಾ ವಾರಗಳ ನಂತರ ನೋವು ತಾನಾಗಿಯೇ ನಿಂತುಬಿಡಬಹುದು. "ಲವಂಗದಿಂದ ವಾಸಿಯಾಯಿತು" ಎಂದು ರೋಗಿ ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ನೋವು ನಿಂತದ್ದು ಒಳಗಿನ ನರ ಸತ್ತುಹೋದ ಕಾರಣಕ್ಕೆ. ಸೋಂಕು ಮಾತ್ರ ಬೇರಿನ ತುದಿ ದಾಟಿ ದವಡೆಯ ಎಲುಬಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತದೆ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು ಉಪ್ಪುಪ್ಪಾದ ದ್ರವ ಸೋರುವುದು ಇದರ ಗುರುತು. ಎಲ್ಲಕ್ಕಿಂತ ಹಿಂದೆ ಅರ್ಧ ಮಾತ್ರ ಹುಟ್ಟಿರುವ ಬುದ್ಧಿಹಲ್ಲಿನ, ಅಂದರೆ ಅಕಲ್ ದಾಢಿನ, ಸುತ್ತಲಿನ ವಸಡಿನಲ್ಲೂ ಆಹಾರ ಸಿಕ್ಕಿಕೊಂಡು ಸೋಂಕು ಆಗುತ್ತದೆ.

ಕೀವು ಹಿಡಿಯುವ ದಾರಿಗಳು

ಕೀವಿಗೆ ಎಲ್ಲಿ ತಡೆ ಕಡಿಮೆಯೋ ಅತ್ತ ಹರಿಯುವುದು ಸ್ವಭಾವ. ಹಲವರಿಗೆ ಅದು ವಸಡಿನ ಮೂಲಕ ಬಾಯಿಗೇ ಒಡೆಯುತ್ತದೆ. ಅಪಾಯವಾಗುವುದು ಅದು ಬೇರೆ ದಾರಿ ಹಿಡಿದಾಗ.

ಕೆಳಗಿನ ದಾರಿ: ಕೆಳದವಡೆಯ ಕೊನೆಯ ಎರಡು ದವಡೆಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತವೆ. ಹಾಗಾಗಿ ಅಲ್ಲಿನ ಸೋಂಕು ನೇರವಾಗಿ ಗದ್ದದ ಕೆಳಗಿನ ಜಾಗಕ್ಕೆ ಇಳಿದು ಎರಡೂ ಬದಿಗೆ ಹಬ್ಬಬಲ್ಲದು. ಆಗ ಬಾಯಿಯ ತಳ ಗಟ್ಟಿಯಾಗಿ ಊದಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿ ಮುಚ್ಚುತ್ತದೆ. 1836ರಲ್ಲಿ ಜರ್ಮನಿಯ ವೈದ್ಯ ಲುಡ್‌ವಿಗ್ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಇದಕ್ಕೆ ಲುಡ್‌ವಿಗ್ಸ್ ಆಂಜೈನಾ ಎಂಬ ಹೆಸರು. ಹೃದಯದ ಆಂಜೈನಾಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯ ಆ ಪದಕ್ಕೆ ಕತ್ತು ಹಿಸುಕಿದಂತಾಗುವುದು ಎಂಬ ಅರ್ಥವಿದೆ. ನಮ್ಮ ಯುನಾನಿ ಗ್ರಂಥಗಳಲ್ಲಿ ಕೊರಳು ಕಟ್ಟುವ ಊತಗಳಿಗೆ ಬಳಸುವ 'ಖುನಾಕ್' ಎಂಬ ಅರಬಿ ಪದದ ಅರ್ಥವೂ ಅದೇ. ಆಂಟಿಬಯಾಟಿಕ್‌ಗಳು ಬರುವ ಮುನ್ನ ಲುಡ್‌ವಿಗ್ಸ್ ಆಂಜೈನಾ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಸಮಯಕ್ಕೆ ಆಸ್ಪತ್ರೆ ತಲುಪಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. 'ಸಮಯಕ್ಕೆ' ಎಂಬ ಮಾತು ಮುಖ್ಯ. ಕೀವು ಇನ್ನೂ ಕೆಳಗಿಳಿದರೆ ಕೊರಳಿನ ಪದರಗಳ ಮೂಲಕ ಎದೆಗೂಡಿಗೆ, ಹೃದಯದ ಸುತ್ತಲಿನ ಜಾಗಕ್ಕೆ ತಲುಪುತ್ತದೆ. ಆಗ ಚಿಕಿತ್ಸೆ ಬಹಳ ಕಠಿಣ.

ಮೇಲಿನ ದಾರಿ: ಮೇಲ್ದವಡೆಯ ಕೋರೆಹಲ್ಲು ಮತ್ತು ಅದರ ಅಕ್ಕಪಕ್ಕದ ಹಲ್ಲುಗಳ ಸೋಂಕು ಮೂಗಿನ ಬದಿಗೆ, ಕಣ್ಣಿನ ಕೆಳಗೆ ಊತವಾಗಿ ಬರುತ್ತದೆ. ಮುಖದ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮೆದುಳಿನ ತಳದಲ್ಲಿರುವ ರಕ್ತದ ಕೋಶದೊಂದಿಗೆ ಸಂಪರ್ಕವಿದೆ. ಸೋಂಕು ಅಲ್ಲಿಗೆ ಏರಿದರೆ ಕಣ್ಣು ಮುಂದಕ್ಕೆ ಉಬ್ಬುವುದು, ರೆಪ್ಪೆ ಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಸಹಿಸಲಾಗದ ತಲೆನೋವು ಕಾಣಿಸುತ್ತವೆ. ಇದು ಅಪರೂಪ, ಆದರೆ ಮಾರಕ. ಮೇಲಿನ ದವಡೆಹಲ್ಲುಗಳ ಸೋಂಕು ಕೆನ್ನೆಯ ಹಿಂದಿನ ಸೈನಸ್‌ಗೂ ಹೋಗುತ್ತದೆ. ಒಂದೇ ಬದಿಯ ಮೂಗಿನಿಂದ ದುರ್ವಾಸನೆಯ ಸಿಂಬಳ ವಾರಗಟ್ಟಲೆ ಬರುತ್ತಿದ್ದರೆ ಆ ಬದಿಯ ಹಲ್ಲನ್ನೂ ತೋರಿಸಬೇಕು.

ರಕ್ತದ ದಾರಿ: ಬಾಯಿಯ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರಿ ಹೃದಯದ ಕವಾಟದ ಮೇಲೆ ಕುಳಿತುಕೊಳ್ಳಬಹುದು. ಕೃತಕ ಕವಾಟ ಹಾಕಿಸಿಕೊಂಡವರು, ಹುಟ್ಟಿನಿಂದಲೇ ಕೆಲವು ಬಗೆಯ ಹೃದಯದೋಷ ಇರುವವರು, ಹಿಂದೆ ಕವಾಟದ ಸೋಂಕು ಬಂದು ಹೋದವರು ಹಲ್ಲು ಕೀಳಿಸುವ ಮೊದಲು ಕಡ್ಡಾಯವಾಗಿ ದಂತವೈದ್ಯರಿಗೆ ಇದನ್ನು ಹೇಳಬೇಕು. ಮುಂಚಿತವಾಗಿ ಒಂದು ಡೋಸ್ ಆಂಟಿಬಯಾಟಿಕ್ ಕೊಡುವ ಕ್ರಮವಿದೆ. ಸಣ್ಣ ವಯಸ್ಸಿನಲ್ಲಿ ಕೀಲು ಜ್ವರ ಬಂದು ಕವಾಟ ಹಾಳಾದವರೂ ವಿಷಯ ಮುಚ್ಚಿಡಬಾರದು.

ಯಾರಿಗೆ ಅಪಾಯ ಹೆಚ್ಚು?

ಮೊದಲನೆಯವರು ಸಕ್ಕರೆ ಕಾಯಿಲೆಯವರು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸೋಂಕು ಬೇಗ ಹರಡುತ್ತದೆ. ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಹೀಗೆ ಒಂದಕ್ಕೊಂದು ಕೈಜೋಡಿಸುತ್ತವೆ. ಪದೇ ಪದೇ ವಸಡು ಊದುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ರೋಗಿಗಳು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು, ವೃದ್ಧರು, ಬೀಡಿ-ಸಿಗರೇಟು, ಗುಟ್ಕಾ ಬಳಸುವವರು ಕೂಡ ಎಚ್ಚರವಾಗಿರಬೇಕು.

ಗರ್ಭಿಣಿಯರ ಬಗ್ಗೆ ಒಂದು ಮಾತು. "ಹೆರಿಗೆ ಆಗಲಿ, ಆಮೇಲೆ ಹಲ್ಲು ನೋಡೋಣ" ಎಂದು ಅತ್ತೆ ಅಮ್ಮಂದಿರು ಹೇಳುವುದುಂಟು. ಗರ್ಭಾವಸ್ಥೆಯಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಹೆಚ್ಚು ಅನುಕೂಲ. ಕೀವು, ಜ್ವರ ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ತಾಯಿಯ ಸೋಂಕು ಮಗುವಿಗೂ ಅಪಾಯ.

ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಕೊನೆಗೆ ಹಲ್ಲು ತೋರಿಸುವವರು ಹೆಂಗಸರು. ಮಕ್ಕಳ ಶಾಲೆ, ಅಡುಗೆ, ಕರೆದುಕೊಂಡು ಹೋಗುವವರಿಲ್ಲ, ಪುರುಷ ವೈದ್ಯರೆಂಬ ಸಂಕೋಚ - ಕಾರಣ ಹಲವು. ಈಗ ಮಹಿಳಾ ದಂತವೈದ್ಯರು ಸಣ್ಣ ಊರುಗಳಲ್ಲೂ ಇದ್ದಾರೆ. ಅವರು ಸಿಗದಿದ್ದಾಗ, ತುರ್ತಿನಲ್ಲಿ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಶರೀಅತ್ ಅಡ್ಡಿ ಮಾಡುವುದಿಲ್ಲ. ಮನೆಯ ಗಂಡಸರು ಇದನ್ನು ತಮ್ಮ ಜವಾಬ್ದಾರಿ ಎಂದು ತಿಳಿಯಬೇಕು.

ಈ ಲಕ್ಷಣ ಕಂಡರೆ ಬೆಳಗಾಗುವ ತನಕ ಕಾಯಬೇಡಿ

ಹಲ್ಲುನೋವು ಅಥವಾ ಹಲ್ಲಿನ ಹುಳುಕು ಇರುವವರಲ್ಲಿ ಕೆಳಗಿನ ಒಂದು ಲಕ್ಷಣ ಕಂಡರೂ ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೊರಡಿ:

* ಗದ್ದದ ಕೆಳಗೆ ಅಥವಾ ಕೊರಳಿನಲ್ಲಿ ಊತ, ಅದರಲ್ಲೂ ಎರಡೂ ಕಡೆ ಗಟ್ಟಿಯಾದ ಊತ
* ಉಗುಳು ನುಂಗಲಾಗದೆ ಜೊಲ್ಲು ಸೋರುವುದು
* ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು
* ನಾಲಿಗೆ ಮೇಲೆದ್ದಿರುವುದು, ಧ್ವನಿ ಬದಲಾಗಿರುವುದು
* ಉಸಿರಾಡಲು ಕಷ್ಟ, ಅಂಗಾತ ಮಲಗಿದರೆ ಉಸಿರು ಕಟ್ಟುವುದು
* ಕಣ್ಣಿನ ಸುತ್ತ ಊದಿ ಕಣ್ಣು ಮುಚ್ಚಿಕೊಳ್ಳುವುದು, ದೃಷ್ಟಿ ಮಂಜಾಗುವುದು
* ಊತದ ಜೊತೆಗೆ ಚಳಿಜ್ವರ, ತೀವ್ರ ಸುಸ್ತು, ಗೊಂದಲದ ಮಾತು
* ಊತ ಗಂಟೆ ಗಂಟೆಗೂ ಹೆಚ್ಚುತ್ತಿರುವುದು

ದಾರಿಯಲ್ಲಿ ರೋಗಿಯನ್ನು ಮಲಗಿಸಬೇಡಿ, ಅವರು ಇಷ್ಟಪಡುವಂತೆ ಕುಳಿತಿರಲಿ. ನುಂಗಲಾಗದವರಿಗೆ ನೀರು, ಹಾಲು, ಕಷಾಯ ಬಲವಂತವಾಗಿ ಕುಡಿಸಬೇಡಿ. ಅವರು ಸೇವಿಸಿದ ಮಾತ್ರೆಗಳ ಚೀಟಿಯನ್ನೂ, ಬೇರೆ ಕಾಯಿಲೆಯ ಫೈಲನ್ನೂ ಜೊತೆಗೆ ಒಯ್ಯಿರಿ. ಮಕ್ಕಳಿಗೂ ಇದೇ ಮಾತು. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂದು ಕೆನ್ನೆ ಊದಿದ ಮಗುವನ್ನು ಮನೆಯಲ್ಲಿಟ್ಟುಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಉಸಿರು. ಬಾಯಿ ತೆರೆಯದವರಿಗೆ ಮೂಗಿನ ಮೂಲಕ, ಅದೂ ಆಗದಿದ್ದರೆ ಕೊರಳಿನಲ್ಲಿ ರಂಧ್ರ ಮಾಡಿ ಉಸಿರಿನ ಕೊಳವೆ ಹಾಕುತ್ತಾರೆ. ಕೊರಳಿಗೆ ರಂಧ್ರ ಎಂದ ಕೂಡಲೇ ಮನೆಯವರು ಹೆದರಿ ಸಹಿ ಹಾಕಲು ಹಿಂಜರಿಯುತ್ತಾರೆ. ಅದು ಜೀವ ಉಳಿಸುವ ತಾತ್ಕಾಲಿಕ ದಾರಿ, ಊತ ಇಳಿದ ನಂತರ ತೆಗೆಯುತ್ತಾರೆ, ಗಾಯ ಮುಚ್ಚಿಕೊಳ್ಳುತ್ತದೆ. ಎರಡನೆಯದು, ರಕ್ತನಾಳದ ಮೂಲಕ ಆಂಟಿಬಯಾಟಿಕ್, ಸಕ್ಕರೆ ಹೆಚ್ಚಿದ್ದರೆ ಇನ್ಸುಲಿನ್. ಕೀವು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್. ಮೂರನೆಯದು, ಗಾಯ ಮಾಡಿ ಕೀವನ್ನು ಹೊರಹಾಕುವುದು. ಉಳಿದದ್ದು ಸೋರಿಹೋಗಲೆಂದು ಸಣ್ಣ ರಬ್ಬರ್ ನಳಿಕೆಯನ್ನು ಕೆಲವು ದಿನ ಇಟ್ಟಿರುತ್ತಾರೆ. ನಾಲ್ಕನೆಯದು, ಮೂಲವಾದ ಹಲ್ಲನ್ನು ಕೀಳುವುದು, ಉಳಿಸುವಂತಿದ್ದರೆ ರೂಟ್ ಕೆನಾಲ್ ಮಾಡುವುದು.

ಈ ನಾಲ್ಕನೆಯದನ್ನು ಬಿಟ್ಟರೆ ಉಳಿದೆಲ್ಲವೂ ವ್ಯರ್ಥ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಮಾತ್ರೆಯ ಔಷಧವೂ ತಲುಪುವುದಿಲ್ಲ. ಆದ್ದರಿಂದಲೇ ಆಂಟಿಬಯಾಟಿಕ್ ತಿಂದಾಗ ಊತ ಇಳಿದು, ನಿಲ್ಲಿಸಿದ ಕೆಲವು ದಿನಗಳಿಗೆ ಮತ್ತೆ ಬರುತ್ತದೆ. ಪ್ರತಿ ಸಲ ಮೆಡಿಕಲ್ ಶಾಪಿನಿಂದ ಎರಡು ದಿನದ ಮಾತ್ರೆ ತಂದು ತಿನ್ನುವವರ ಬಾಯಲ್ಲಿ ಆ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಬೆಳೆಯುತ್ತವೆ.

ನಾವು ಮಾಡುವ ತಪ್ಪುಗಳು

"ಊತ ಇರುವಾಗ ಹಲ್ಲು ಕೀಳಬಾರದು" ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯಿಂದ ದಂತವೈದ್ಯರ ಬಳಿಗೇ ಹೋಗದವರಿದ್ದಾರೆ. ಯಾವಾಗ ಕೀಳಬೇಕು ಎಂಬುದನ್ನು ವೈದ್ಯರು ನಿರ್ಧರಿಸಲಿ. ಸಾಧ್ಯವಿದ್ದಲ್ಲಿ ಮೂಲವನ್ನು ಬೇಗ ತೆಗೆದಷ್ಟೂ ಸೋಂಕು ಬೇಗ ಇಳಿಯುತ್ತದೆ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ" ಎಂಬುದೂ ಸುಳ್ಳು. ಕಣ್ಣಿಗೆ ಅಪಾಯ ತರುವುದು ಒಳಗೆ ಬಿಟ್ಟ ಕೀವು.

ನೋವಿನ ಹಲ್ಲಿಗೆ ಸುಣ್ಣ, ಹೊಗೆಸೊಪ್ಪು, ಬ್ಯಾಟರಿ ನೀರು ಇಡುವುದನ್ನು ನಾನು ಕಂಡಿದ್ದೇನೆ. ಆಸ್ಪಿರಿನ್ ಮಾತ್ರೆ ಪುಡಿಮಾಡಿ ವಸಡಿಗೆ ಹಚ್ಚುವವರೂ ಇದ್ದಾರೆ. ಇವೆಲ್ಲ ವಸಡನ್ನು ಸುಡುತ್ತವೆ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ಊತ ಹರಡಲು, ಚರ್ಮದ ಮೂಲಕ ಕೀವು ಒಡೆಯಲು ಅದು ದಾರಿಯಾಗಬಹುದು. ಪಿನ್ನಿನಿಂದ ಚುಚ್ಚಿ ಕೀವು ತೆಗೆಯಬೇಡಿ. ಬೇಗ ಊತ ಇಳಿಯಲೆಂದು ಯಾರೋ ಹೇಳಿದ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ. ಅದು ಲಕ್ಷಣವನ್ನು ಮುಚ್ಚಿಟ್ಟು ಸೋಂಕನ್ನು ಬೆಳೆಸುತ್ತದೆ. ಪರವಾನಗಿ ಇಲ್ಲದೆ ರಸ್ತೆ ಬದಿಯಲ್ಲಿ ಹಲ್ಲು ಕೀಳುವವರ ಬಳಿ ಹೋಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಲಿ.

ಹಣದ ಚಿಂತೆಯಿಂದ ಮುಂದೂಡುವವರಿಗೆ ಹೇಳುವುದು: ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ, ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಖರ್ಚು ಬಹಳ ಕಡಿಮೆ. ಹುಳುಕು ಸಣ್ಣದಿರುವಾಗ ತುಂಬಿಸುವ ಖರ್ಚನ್ನು ತೀವ್ರ ನಿಗಾ ಘಟಕದ ಒಂದು ದಿನದ ಖರ್ಚಿನೊಂದಿಗೆ ಹೋಲಿಸಿ ನೋಡಿ.

ಇದರಲ್ಲಿ ಯುನಾನಿಯ ಪಾಲೇನು?

ಯುನಾನಿ ವೈದ್ಯನಾಗಿ ಪ್ರಾಮಾಣಿಕವಾಗಿ ಹೇಳುತ್ತೇನೆ. ಕೀವು ಕಟ್ಟಿದ ಹಲ್ಲಿಗೆ ಖಮೀರಾ, ಮಾಜೂನ್, ಜೋಶಾಂದಾ ಮದ್ದಲ್ಲ. ನಮ್ಮ ಹಿರಿಯರೂ ಹಾಗೆಂದು ಹೇಳಿಲ್ಲ. ಯುನಾನಿಯಲ್ಲಿ ಆಹಾರ ಪಥ್ಯ ಮತ್ತು ಔಷಧದ ಜೊತೆಗೆ 'ಇಲಾಜ್ ಬಿಲ್ ಯದ್', ಅಂದರೆ ಕೈಯಿಂದ ಮಾಡುವ ಚಿಕಿತ್ಸೆ, ಶಸ್ತ್ರಕ್ರಿಯೆ, ಕೂಡ ಒಂದು ವಿಭಾಗ. ಸ್ಪೇನಿನ ಕುರ್ತುಬಾದ ಬಳಿ ಬದುಕಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ ಸುಮಾರು ಸಾವಿರ ವರ್ಷಗಳ ಹಿಂದೆ ರಚಿಸಿದ 30 ಭಾಗಗಳ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಹಲ್ಲಿನ ಮೇಲಿನ ಪಾಚಿ ಕೆರೆಯುವ ಸಾಧನಗಳು, ಹಲ್ಲು ಕೀಳುವ ಇಕ್ಕಳಗಳ ಚಿತ್ರಗಳು ಅದರಲ್ಲಿವೆ. ಹಲ್ಲು ಕೀಳಲು ಅವಸರ ಮಾಡಬಾರದು, ನೋಯುವ ಹಲ್ಲು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು ಎಂದು ಅವರು ಎಚ್ಚರಿಸಿದ್ದಾರೆ. ಆ ಪರಂಪರೆಗೆ ಸೇರಿದವನು ಇಂದು ದಂತವೈದ್ಯರ ಬಳಿಗೆ ಕಳುಹಿಸುವುದೇ ಸರಿಯಾದ ಚಿಕಿತ್ಸೆ.

ಹಾಗಾದರೆ ನಮ್ಮ ಮದ್ದು ಎಲ್ಲಿಗೆ? ಊತ, ಜ್ವರ ಇಲ್ಲದ ನೋವಿಗೆ, ದಂತವೈದ್ಯರ ಭೇಟಿಯ ತನಕ. ಹತ್ತಿಯಲ್ಲಿ ಒಂದೆರಡು ಹನಿ ಲವಂಗದ ಎಣ್ಣೆ ಅದ್ದಿ ಹುಳುಕಿನ ಗುಂಡಿಯಲ್ಲಿ ಸ್ವಲ್ಪ ಹೊತ್ತು ಇಡಬಹುದು, ವಸಡಿಗೆ ತಾಗಬಾರದು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬಹುದು. ಇದನ್ನು ನಾವು 'ಮಝ್‌ಮಝಾ' ಎನ್ನುತ್ತೇವೆ, ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದಕ್ಕೂ ಅದೇ ಹೆಸರು. ವಸಡು ಗಟ್ಟಿಯಾಗಲು ಸುನೂನ್ ಎಂಬ ದಂತಪುಡಿಗಳಿವೆ. ಇವು ಆರೈಕೆಗೆ. ಕೀವಿಗಲ್ಲ.

ರಮಝಾನಿನಲ್ಲಿ ಮುಂದೂಡಬೇಡಿ

ಉಪವಾಸ ಕೆಡುತ್ತದೆಂದು ಹೆದರಿ ಹಲ್ಲಿನ ಊತವನ್ನು ಈದ್ ತನಕ ತಳ್ಳುವವರು ಪ್ರತಿ ವರ್ಷ ಸಿಗುತ್ತಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯ ವಿದ್ವಾಂಸರು ಹಲ್ಲು ಕೊರೆಯುವುದು, ಕೀಳಿಸುವುದು, ಶುಚಿಗೊಳಿಸುವುದು ಉಪವಾಸ ಮುರಿಯುವುದಿಲ್ಲ, ಗಂಟಲಿಗೆ ಏನೂ ಇಳಿಯದಂತೆ ನೋಡಿಕೊಳ್ಳಬೇಕು ಎಂದು ತಿಳಿಸಿದ್ದಾರೆ. ನಿಮ್ಮ ಮದ್ಹಬ್‌ನ ವಿವರಗಳನ್ನು ಸ್ಥಳೀಯ ಉಲಮಾಗಳಲ್ಲಿ ಕೇಳಿಕೊಳ್ಳಿ. ಸಾಧಾರಣ ಚಿಕಿತ್ಸೆಯನ್ನು ಇಫ್ತಾರ್ ನಂತರ ಮಾಡಿಸಿಕೊಳ್ಳಬಹುದು. ಆದರೆ ಜ್ವರ, ಊತ ಇದ್ದವರು ರೋಗಿಗಳು. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಖುರ್‌ಆನ್ ನೀಡಿದೆ. ಔಷಧ ಬಿಟ್ಟು ಪ್ರಾಣವನ್ನು ಅಪಾಯಕ್ಕೆ ಒಡ್ಡುವುದು ಇಬಾದತ್ ಅಲ್ಲ.

ತಡೆಯುವುದು ಸುಲಭ

ಮಿಸ್ವಾಕ್‌ಗೆ ಪ್ರವಾದಿವರ್ಯರು(ಸ) ನೀಡಿದ ಮಹತ್ವ ನಮಗೆಲ್ಲ ಗೊತ್ತು. ಆದರೆ ಮಿಸ್ವಾಕ್ ಮಾಡುವಾಗ ನಮ್ಮಲ್ಲಿ ಹೆಚ್ಚಿನವರು ಮುಂದಿನ ಹಲ್ಲುಗಳನ್ನಷ್ಟೇ ಉಜ್ಜಿ ಬಿಡುತ್ತೇವೆ. ಅಪಾಯ ಹುಟ್ಟುವುದು ಹಿಂದಿನ ದವಡೆಹಲ್ಲುಗಳಲ್ಲಿ. ತುದಿಯನ್ನು ಚೆನ್ನಾಗಿ ಮೆದುವಾಗಿಸಿ, ಹಲ್ಲಿನ ಒಳಬದಿಗೂ ಹಿಂಬದಿಗೂ ತಲುಪಿಸಿ. ಹಳೆಯ ತುದಿಯನ್ನು ಕತ್ತರಿಸುತ್ತಿರಿ. ಅದರ ಜೊತೆಗೆ ಬೆಳಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಬ್ರಶ್ ಮಾಡಿ. ಮಿಸ್ವಾಕ್ ಸುನ್ನತ್, ಬ್ರಶ್ ಅದಕ್ಕೆ ವಿರೋಧಿಯಲ್ಲ. ಸಹರಿಯ ನಂತರ ಬಾಯಿ ತೊಳೆಯದೆ ಮಲಗುವ ಅಭ್ಯಾಸ ಬಿಡಿ. ಮಗುವನ್ನು ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ, ಸಕ್ಕರೆ ಕಾಯಿಲೆಯವರು ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ.

ಗ್ಯಾರೇಜಿನ ಆ ಸಹೋದರರು ಗುಣವಾದ ಮೇಲೆ ಒಮ್ಮೆ ದವಾಖಾನೆಗೆ ಬಂದಿದ್ದರು. ಗದ್ದದ ಕೆಳಗೆ ಗಾಯದ ಗುರುತು ಇತ್ತು. ಜೊತೆಯಲ್ಲಿ ಹತ್ತು ವರ್ಷದ ಮಗಳು. "ಇವಳ ಒಂದು ಹಲ್ಲು ಕಪ್ಪಾಗಿದೆ ಸಾಬ್, ಯಾವ ಡೆಂಟಲ್ ಡಾಕ್ಟರಿಗೆ ತೋರಿಸಲಿ?" ಎಂದು ಕೇಳಿದರು. ನಿಮ್ಮ ಮನೆಯಲ್ಲೂ ಕಪ್ಪಾದ ಹಲ್ಲು ಇದೆಯೇ, ಇಂದೇ ನೋಡಿ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ. ಆಮೀನ್.